ವಿದ್ಯುತ್ ಕಡಿತವಾದಾಗ ಆಮ್ಲಜನಕ ಪೂರೈಕೆ: ದೋಷ ಪತ್ತೆ ಮತ್ತು ನಿವಾರಣೆ

ವಿದ್ಯುತ್ ಪದೇ ಪದೇ ಕೈಕೊಡುವ ಆಸ್ಪತ್ರೆಗಳಲ್ಲಿ ಆಮ್ಲಜನಕದ ಪೂರೈಕೆಗೆ ಧಕ್ಕೆ ಬರುವ ಹೊತ್ತು ಎರಡು: ವಿದ್ಯುತ್ ಹೋದ ಮೊದಲ ಕೆಲವು ನಿಮಿಷಗಳು ಮತ್ತು ಅದು ಮರಳಿ ಬಂದ ನಂತರದ ಕಾಲು ಗಂಟೆ. ಇವುಗಳಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವ. ಕತ್ತಲಾದಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಸಿಲಿಂಡರ್ ಎಳೆದು ತರುತ್ತಾರೆ, ರೋಗಿಯ ಪಕ್ಕದಲ್ಲೇ ನಿಲ್ಲುತ್ತಾರೆ. ದೀಪ ಹತ್ತಿ ಫ್ಯಾನ್ ತಿರುಗತೊಡಗಿದ ಕೂಡಲೇ ಆಮ್ಲಜನಕವೂ ಬಂದಿರಬೇಕೆಂದು ನಂಬಿ ಮುಂದಿನ ಕೆಲಸಕ್ಕೆ ಹೊರಡುತ್ತಾರೆ. ದೀಪಕ್ಕೆ ತಂತಿಯಲ್ಲಿ ವಿದ್ಯುತ್ ಇದ್ದರೆ ಸಾಕು. ಕಾನ್ಸಂಟ್ರೇಟರಿನಂಥ ಯಂತ್ರದಲ್ಲಿ ಗಾಳಿಯಿಂದ ಆಮ್ಲಜನಕ ತಯಾರಾಗಬೇಕಾದರೆ ಗಾಳಿಯನ್ನು ಒತ್ತುವ ಕಂಪ್ರೆಸರ್ ತಿರುಗಬೇಕು, ಒತ್ತಡ ಏರಬೇಕು, ಗಾಳಿಯಿಂದ ಸಾರಜನಕ ಬೇರ್ಪಡಬೇಕು. ಈ ಕೈಪಿಡಿಯನ್ನು ವಾರ್ಡಿನ ಶುಶ್ರೂಷಕರು ಮತ್ತು ಉಪಕರಣಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ, ಏಕೆಂದರೆ ಎಷ್ಟೋ ದೋಷಗಳು ಇವರಿಬ್ಬರ ಜವಾಬ್ದಾರಿಗಳ ನಡುವಿನ ಸಂದಿಯಲ್ಲಿ ಅಡಗಿರುತ್ತವೆ.

ಮೊದಲು ರೋಗಿ

ಯಂತ್ರದ ಮುಂದೆ ಬಾಗುವುದಕ್ಕೆ ಮೊದಲು ರೋಗಿಯನ್ನು ತುಂಬಿದ ಸಿಲಿಂಡರಿಗೆ ಬದಲಾಯಿಸಬೇಕು. ದೋಷ ಯಾವುದೆಂದು ತಿಳಿಯುವವರೆಗೆ ಕಾಯುವುದು ಬೇಡ. ಎರಡು ನಿಮಿಷದಲ್ಲಿ ಸರಿಹೋಗಬಹುದೆಂಬ ಭರವಸೆಯೂ ಬೇಡ. ಬದಲಾಯಿಸಿದ ನಂತರ ರಕ್ತದ ಆಮ್ಲಜನಕವನ್ನು ತೋರಿಸುವ, ಬ್ಯಾಟರಿಯಿಂದ ನಡೆಯುವ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ಅಂಕಿಯನ್ನು ಗಮನಿಸಬೇಕು. ಅದು ಶೇ. 90ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕರೆಯುವುದು ಮೊದಲ ಕೆಲಸ, ಯಂತ್ರದ ಪರೀಕ್ಷೆ ಎರಡನೆಯದು. ಬೆರಳು ತಣ್ಣಗಿದ್ದರೆ, ಮಗು ಕೈ ಆಡಿಸುತ್ತಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಾಗಬಹುದು. ಹಾಗೆಂದು ಕಡಿಮೆ ಅಂಕಿಯನ್ನು ಮಾಪಕದ ತಪ್ಪೆಂದು ತಳ್ಳಿಹಾಕದೆ, ಬೇರೆ ಬೆರಳಿಗೆ ಹಾಕಿ ಇನ್ನೊಮ್ಮೆ ನೋಡಬೇಕು.

ಆನಂತರದ ಹುಡುಕಾಟ ರೋಗಿಯ ಮೂಗಿನಿಂದ ಶುರುವಾಗಿ ಹಿಂದಕ್ಕೆ, ಮೂಲದ ಕಡೆಗೆ ಸಾಗಲಿ. ರೋಗಿಯಿಂದ ತೆಗೆದ ಕ್ಯಾನುಲಾದ (ಮೂಗಿಗೆ ಹಾಕುವ ನಳಿಕೆಯ) ತುದಿಯನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಅದ್ದಿದರೆ ಗುಳ್ಳೆಗಳು ಏಳಬೇಕು. ಹರಿವನ್ನು ತೋರಿಸುವ ಫ್ಲೋಮೀಟರಿನ ಗುಂಡು ಮೇಲೆದ್ದಿದ್ದೂ ಗುಳ್ಳೆ ಬರದಿದ್ದರೆ ಗಾಳಿ ನಡುವೆ ಎಲ್ಲೋ ಸೋರುತ್ತಿದೆ ಎಂದರ್ಥ. ಹೆಚ್ಚಾಗಿ ಅನಿಲಕ್ಕೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಯ ಮುಚ್ಚಳ ಓರೆಯಾಗಿ ಕೂತಿರುತ್ತದೆ. ಗುಂಡೂ ಏಳದೆ ಗುಳ್ಳೆಯೂ ಬರದಿದ್ದರೆ ಮಂಚದ ಕಾಲಿನಡಿ ಸಿಕ್ಕಿಕೊಂಡ ನಳಿಕೆಯನ್ನು ಮೊದಲು ಹುಡುಕಬೇಕು. ಕತ್ತಲಲ್ಲಿ ಮಂಚ ಸರಿಸಿದ ಮೇಲೆ ಇಂಥದ್ದು ಆಗುತ್ತಿರುತ್ತದೆ. ಪರೀಕ್ಷಿಸಿದ ಕ್ಯಾನುಲಾವನ್ನು ಮರಳಿ ಹಾಕುವ ಮೊದಲು ಅದರೊಳಗೆ ನೀರು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹರಿವು, ಒತ್ತಡ, ಸಾಂದ್ರತೆ

ಈ ಮೂರೂ ಬೇರೆ ಬೇರೆ ಸಂಗತಿಗಳು. ಅವುಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ಅತಿ ಕೆಟ್ಟ ತಪ್ಪುಗಳು ನಡೆಯುತ್ತವೆ. ಫ್ಲೋಮೀಟರಿನ ಗುಂಡನ್ನು ಮೇಲೆತ್ತುವುದು ಅನಿಲದ ಹರಿವು. ಆ ಅನಿಲ ಶೇ. 93ರ ಆಮ್ಲಜನಕವೋ, ಕೋಣೆಯ ಸಾಮಾನ್ಯ ಗಾಳಿಯೋ ಎಂಬುದು ಗುಂಡಿಗೆ ತಿಳಿಯದು. ಒಳಗಿನ ಜಿಯೊಲೈಟ್ (ಸಾರಜನಕವನ್ನು ಹಿಡಿಯುವ ಹರಳು) ಕೆಟ್ಟಿರುವ ಕಾನ್ಸಂಟ್ರೇಟರ್ ಶೇ. 30ರಷ್ಟು ಆಮ್ಲಜನಕವಿರುವ ಗಾಳಿಯನ್ನು ನಿಮಿಷಕ್ಕೆ 5 ಲೀಟರಿನಂತೆ ಚೊಕ್ಕವಾಗಿ ಊದಬಲ್ಲದು. ಗುಳ್ಳೆ ಏಳುತ್ತದೆ, ಗುಂಡು ನಿಲ್ಲುತ್ತದೆ, ಸದ್ದೂ ಸರಿಯಾಗಿಯೇ ಇರುತ್ತದೆ. ರೋಗಿ ಮಾತ್ರ ಕುಸಿಯುತ್ತಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಆಮ್ಲಜನಕ ಮೊದಲು ಅರಿವಳಿಕೆಗೆ ಮಾತ್ರ ಸೀಮಿತವಾಗಿತ್ತು. 2017ರಲ್ಲಿ ರಕ್ತದ ಆಮ್ಲಜನಕ ಕುಸಿದವರ ಚಿಕಿತ್ಸೆಗೂ ಅದನ್ನು ಸೇರಿಸಲಾಯಿತು. ಔಷಧವೆಂದ ಮೇಲೆ ಅದರ ಪ್ರಮಾಣವನ್ನು ಅಳೆಯದೆ ಕೊಡುವಂತಿಲ್ಲ.

ಆದ್ದರಿಂದ ಕೈಯಲ್ಲಿ ಹಿಡಿಯುವ ಆಮ್ಲಜನಕ ಮಾಪಕವೊಂದು ಇಲ್ಲದ ಆಸ್ಪತ್ರೆಯಲ್ಲಿ ದೋಷ ಪತ್ತೆ ಬರೀ ಊಹೆಯಾಗಿ ಉಳಿಯುತ್ತದೆ. ರಾಸಾಯನಿಕ ಕೋಶವಿರುವ ಮಾಪಕ ಕೋಣೆಯ ಗಾಳಿಯಲ್ಲಿ ಶೇ. 20.9ರ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಅಲ್ಟ್ರಾಸಾನಿಕ್ ಮಾಪಕ ಬಹುಕಾಲ ಬಾಳುತ್ತದೆ, ಆದರೆ ಅದನ್ನು ಕಾನ್ಸಂಟ್ರೇಟರಿನ ಅನಿಲಕ್ಕೆಂದೇ ಹೊಂದಿಸಿರುತ್ತಾರೆ. ಅದರಿಂದ ಸಿಲಿಂಡರಿನ ಅನಿಲವನ್ನು ಅಳೆದು ತೀರ್ಮಾನಕ್ಕೆ ಬರಬಾರದು.

ಮಾಪಕ ಕೈಯಲ್ಲಿದ್ದರೆ ದಾರಿ ಬೇಗ ಕವಲೊಡೆಯುತ್ತದೆ. ಸಾಂದ್ರತೆ ಸರಿಯಿದ್ದು ಹರಿವು ಕಡಿಮೆಯಾಗಿದ್ದರೆ ತಡೆಯನ್ನೋ ಸೋರಿಕೆಯನ್ನೋ ಹುಡುಕಬೇಕು. ಹರಿವು ಸರಿಯಿದ್ದು ಸಾಂದ್ರತೆ ಇಳಿದಿದ್ದರೆ ತಪ್ಪು ಯಂತ್ರದೊಳಗಿದೆ, ಇಲ್ಲವೇ ಅದರ ಸಾಮರ್ಥ್ಯಕ್ಕಿಂತ ಹೆಚ್ಚು ಅನಿಲವನ್ನು ಎಳೆಯಲಾಗುತ್ತಿದೆ. ಎರಡೂ ಒಟ್ಟಿಗೆ ಕುಸಿದಿದ್ದರೆ ಕಂಪ್ರೆಸರನ್ನೂ ಅದಕ್ಕೆ ಬರುವ ವೋಲ್ಟೇಜನ್ನೂ ನೋಡಬೇಕು. ಎರಡೂ ಸರಿಯಿದ್ದು ರೋಗಿಯ ಅಂಕಿ ಏರದಿದ್ದರೆ ಅದು ತಂತ್ರಜ್ಞರ ಕೆಲಸವಲ್ಲ, ವೈದ್ಯರದು.

ಕಾನ್ಸಂಟ್ರೇಟರ್: ವಿದ್ಯುತ್ ಬಂದರೂ ಹೊರಡದಿದ್ದರೆ

ಈ ಯಂತ್ರದೊಳಗೆ ಜಿಯೊಲೈಟ್ ಹರಳುಗಳು ತುಂಬಿದ ಎರಡು ಕೊಳವೆಗಳಿರುತ್ತವೆ. ಒತ್ತಡದಲ್ಲಿ ಸಾರಜನಕ ಹರಳುಗಳಿಗೆ ಅಂಟಿಕೊಂಡು ಆಮ್ಲಜನಕ ಮುಂದೆ ಸಾಗುತ್ತದೆ. ಒತ್ತಡ ಬಿಟ್ಟಾಗ ಸಾರಜನಕ ಹೊರಗೆ ಹೋಗುತ್ತದೆ. ಒಂದು ಕೊಳವೆ ದುಡಿಯುವಾಗ ಇನ್ನೊಂದು ಬರಿದಾಗುತ್ತಿರುತ್ತದೆ. ಈ ಸುತ್ತಿನ ನಡುವೆ ವಿದ್ಯುತ್ ಹೋದರೆ ಒಂದು ಕೊಳವೆಯಲ್ಲಿ ಒತ್ತಡ ಉಳಿದುಬಿಡುತ್ತದೆ, ಮತ್ತೆ ವಿದ್ಯುತ್ ಬಂದಾಗ ಕಂಪ್ರೆಸರ್ ಆ ಒತ್ತಡದ ಎದುರು ಹೊರಡಬೇಕಾಗುತ್ತದೆ. ಮೋಟಾರು ಗುಂಯ್ಗುಡುತ್ತದೆ, ತಿರುಗುವುದಿಲ್ಲ, ಬಿಸಿಯಾಗಿ ತಾನೇ ಕಡಿದುಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುವುದರಷ್ಟು ಹಾನಿಕರವಾದದ್ದು ಬೇರೊಂದಿಲ್ಲ. ಯಂತ್ರವನ್ನು ಆರಿಸಿ, ಮೂರರಿಂದ ಐದು ನಿಮಿಷ ಬಿಟ್ಟು, ಒತ್ತಡ ಇಳಿದ ಮೇಲೆ ಒಮ್ಮೆ ಹಾಕಬೇಕು. ವಿದ್ಯುತ್ ಕಣ್ಣುಮುಚ್ಚಾಲೆಯಾಡುವ ದಿನಗಳಲ್ಲಿ, ಮರಳಿ ಬಂದ ವಿದ್ಯುತ್ತನ್ನು ಕೆಲವು ನಿಮಿಷ ತಡೆದು ನಂತರ ಬಿಡುವ ಟೈಮರ್ ಇರುವ ಸ್ಟೆಬಿಲೈಜರ್ ಯಂತ್ರದ ಆಯುಷ್ಯವನ್ನು ಉಳಿಸುತ್ತದೆ.

ಕಾದು ಹಾಕಿದರೂ ಹೊರಡದಿದ್ದರೆ ವೋಲ್ಟೇಜ್ ಅಳೆಯಬೇಕು. ಅಳತೆಯನ್ನು ಯಂತ್ರ ಹೊರಡಲು ಯತ್ನಿಸುತ್ತಿರುವ ಕ್ಷಣದಲ್ಲೇ, ಅದೇ ಸಾಕೆಟ್ಟಿನಲ್ಲಿ ಮಾಡಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಮೋಟಾರು ಹೊರಡುವ ಕ್ಷಣದಲ್ಲಿ ಸಾಮಾನ್ಯ ಪ್ರಮಾಣದ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹೊರೆಯಿಲ್ಲದಾಗ 225 ವೋಲ್ಟ್ ತೋರುವ ಸಾಕೆಟ್ ಹೊರೆ ಬಿದ್ದ ಕೂಡಲೇ 180ಕ್ಕೆ ಕುಸಿಯಬಹುದು. 230 ವೋಲ್ಟಿನ ಯಂತ್ರಗಳು ಸಾಮಾನ್ಯವಾಗಿ ಅದರ ಶೇ. 10ರಷ್ಟು ಹೆಚ್ಚುಕಡಿಮೆಯನ್ನು, ಎಂದರೆ ಸುಮಾರು 207ರಿಂದ 253 ವೋಲ್ಟ್‌ವರೆಗೆ, ತಾಳಿಕೊಳ್ಳುತ್ತವೆ. ಒಮ್ಮೆ ಒಂದು ವಾರ್ಡಿನಲ್ಲಿ ಮೂರು ಕಾನ್ಸಂಟ್ರೇಟರುಗಳು ಪ್ರತಿ ಕಡಿತದ ನಂತರವೂ ಒಟ್ಟಿಗೆ ಮುಷ್ಕರ ಹೂಡುತ್ತಿದ್ದವು. ಮೂರರ ಕಂಪ್ರೆಸರುಗಳನ್ನೂ ಬಿಚ್ಚಿ ನೋಡಿದೆ, ಏನೂ ಕೆಟ್ಟಿರಲಿಲ್ಲ. ಮೂರಕ್ಕೂ ವಿದ್ಯುತ್ ಹೋಗುತ್ತಿದ್ದುದು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ, ಅದೂ ತೆಳುವಾದ ತಂತಿಯಲ್ಲಿ. ಮೂರೂ ಒಂದೇ ಕ್ಷಣಕ್ಕೆ ಎಳೆದಾಗ ಯಾವುದಕ್ಕೂ ಸಾಲುತ್ತಿರಲಿಲ್ಲ. ಮೊದಲೇ ತಂತಿಯ ಜಾಡು ಹಿಡಿದಿದ್ದರೆ ಎರಡು ದಿನ ಉಳಿಯುತ್ತಿತ್ತು, ರೋಗಿಗಳು ಅಷ್ಟು ಹೊತ್ತು ಸಿಲಿಂಡರಿನ ಆಸರೆಯಲ್ಲಿ ಇರಬೇಕಾಗುತ್ತಿರಲಿಲ್ಲ. ಗೋಡೆಯ ಪ್ರತ್ಯೇಕ ಸಾಕೆಟ್ಟುಗಳಿಗೆ ಹಂಚಿ, ಒಂದರ ನಂತರ ಒಂದನ್ನು ಅರ್ಧ ನಿಮಿಷದ ಅಂತರದಲ್ಲಿ ಹಾಕುವ ಪದ್ಧತಿ ಮಾಡಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ವೋಲ್ಟೇಜ್ ಗಟ್ಟಿಯಾಗಿ ನಿಂತೂ ಮೋಟಾರು ಗುಂಯ್ಗುಟ್ಟಿದರೆ ಅದನ್ನು ಹೊರಡಿಸಲು ನೆರವಾಗುವ ಕೆಪಾಸಿಟರ್ ಸೋತಿರುವ ಸಾಧ್ಯತೆ ಹೆಚ್ಚು. ಅದರ ತಲೆ ಉಬ್ಬಿದ್ದರೆ ಅನುಮಾನವೇ ಬೇಡ. ಮುಟ್ಟುವ ಮೊದಲು ಪ್ಲಗ್ ಕಿತ್ತು ಅದರೊಳಗಿನ ವಿದ್ಯುತ್ತನ್ನು ಸುರಕ್ಷಿತವಾಗಿ ಇಳಿಸಿ, ಅದೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್ ತಾಳುವ ಇನ್ನೊಂದನ್ನು ಹಾಕಬೇಕು. ಇದು ತಂತ್ರಜ್ಞರ ಕೆಲಸ; ವಾರ್ಡಿನವರು ಯಂತ್ರದ ಮುಚ್ಚಳ ತೆರೆಯಬಾರದು.

ಯಂತ್ರ ಹೊರಟಿದೆ, ಆದರೆ ಕಡಿಮೆ ಸಾಂದ್ರತೆಯ ಹಳದಿ ದೀಪ ಆರುತ್ತಿಲ್ಲ ಎಂಬುದು ಇನ್ನೊಂದು ಬಗೆಯ ದೂರು. ಮೊದಲ ಐದು ಹತ್ತು ನಿಮಿಷ ಅದು ಸಹಜ, ಆ ಹೊತ್ತಿನಲ್ಲಿ ರೋಗಿ ಸಿಲಿಂಡರಿನಲ್ಲೇ ಇರಬೇಕು. ಕಾಲು ಗಂಟೆ ಮೀರಿದರೂ ದೀಪ ಉಳಿದರೆ ಹರಿವಿನ ನಾಬ್ ಯಂತ್ರದ ಗರಿಷ್ಠ ಸಾಮರ್ಥ್ಯವನ್ನು ಮೀರಿಲ್ಲವೇ ಎಂದು ನೋಡಬೇಕು. 5 ಲೀಟರಿನ ಯಂತ್ರಕ್ಕೆ ಕವಲು ಹಾಕಿ ಹಲವು ಮಕ್ಕಳಿಗೆ ಹಂಚಿರುವಾಗ ಎಲ್ಲರ ಹರಿವನ್ನೂ ಕೂಡಿಸಿ ನೋಡಬೇಕು. ಆಮೇಲೆ ಗಾಳಿ ಒಳಹೋಗುವ ಫಿಲ್ಟರ್, ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಏರಿದ ಕಾವು, ಒಳಗಿನ ನಳಿಕೆಗಳ ಸೋರಿಕೆ. ಇವೆಲ್ಲ ಸರಿಯಿದ್ದೂ ಸಾಂದ್ರತೆ ಶೇ. 82ಕ್ಕಿಂತ ಕೆಳಗೇ ಉಳಿದರೆ ಜಿಯೊಲೈಟಿಗೆ ತೇವ ಹೊಕ್ಕಿರಬಹುದು. ತೇವ ಹೀರಿದ ಹರಳು ಸಾರಜನಕವನ್ನು ಹಿಡಿಯಲಾರದು, ಹಾಗಾದಾಗ ಕೊಳವೆಗಳನ್ನು ಬದಲಾಯಿಸಬೇಕಾಗುತ್ತದೆ. ತಿಂಗಳುಗಟ್ಟಲೆ ಉಗ್ರಾಣದಲ್ಲಿ ಕೂತ ಯಂತ್ರಗಳಿಗೆ ಈ ಗತಿ ಬರುತ್ತದೆ. ಮೀಸಲು ಯಂತ್ರವನ್ನೂ ಆಗಾಗ ಕೆಲವು ಗಂಟೆ ನಡೆಸುತ್ತಿರಬೇಕು.

ವಿದ್ಯುತ್ ಹೋದಾಗ ಕೂಗಬೇಕಾದ ಅಲಾರಂ ಮೌನವಾಗಿದ್ದರೆ ಅದೂ ಒಂದು ದೋಷವೇ. ಹಲವು ಮಾದರಿಗಳಲ್ಲಿ ಈ ಅಲಾರಮಿಗೆ ಒಂದು ಪುಟ್ಟ 9 ವೋಲ್ಟಿನ ಬ್ಯಾಟರಿ ಇರುತ್ತದೆ, ಅದು ಸತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಯಾವ ರೋಗಿಗೂ ಜೋಡಿಸದ ಯಂತ್ರವನ್ನು ನಡೆಸಿ ಪ್ಲಗ್ ಕಿತ್ತು ನೋಡಿದರೆ ಸಾಕು. ಇಷ್ಟು ಅಗ್ಗದ ಬಿಡಿಭಾಗಕ್ಕೆ ನಿದ್ದೆಯಲ್ಲಿರುವ ಒಂದು ಮಗುವಿನ ಜೀವ ಅಂಟಿಕೊಂಡಿರುತ್ತದೆ.

ಬ್ಯಾಟರಿ ಮತ್ತು ಜನರೇಟರ್

ಇನ್ವರ್ಟರಿಗೆ ಜೋಡಿಸಿದ ಕಾನ್ಸಂಟ್ರೇಟರ್ ಹೇಳಿದಷ್ಟು ಹೊತ್ತು ನಡೆಯುತ್ತಿಲ್ಲ ಎಂದಾಗ ಮೊದಲು ಲೆಕ್ಕವನ್ನೇ ಪರೀಕ್ಷಿಸಬೇಕು. 5 ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ ನಾಲ್ಕು ಗಂಟೆಗೆ 1400 ವ್ಯಾಟ್-ಗಂಟೆ ಬೇಕು. ಇನ್ವರ್ಟರಿನಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ ಅದು 1650ರ ಸಮೀಪಕ್ಕೆ ಬರುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದು ಬೇಗ ಸಾಯುವುದರಿಂದ 3300 ವ್ಯಾಟ್-ಗಂಟೆಯ ಸಂಗ್ರಹ ಇರಬೇಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿರುವುದು 1800. ಆದ್ದರಿಂದ ಅಂಥವು ಎರಡು ಬೇಕು. ಒಂದೇ ಬ್ಯಾಟರಿ ಕೊಂಡು ಯಂತ್ರವನ್ನು ಬೈಯುವ ಪ್ರಸಂಗಗಳು ಹೆಚ್ಚು. ಇನ್ವರ್ಟರ್ ಶುದ್ಧ ಸೈನ್ ಅಲೆಯದ್ದೇ ಆಗಿರಬೇಕು, ಮೋಟಾರು ಹೊರಡುವ ಕ್ಷಣದ ಹೊರೆಯನ್ನೂ ಹೊರುವಂತಿರಬೇಕು. ಚೌಕ ಅಲೆಯ ಇನ್ವರ್ಟರಿನಲ್ಲಿ ಕಂಪ್ರೆಸರ್ ಬಿಸಿಯಾಗುತ್ತದೆ, ಗದ್ದಲ ಮಾಡುತ್ತದೆ, ಕೆಲವೊಮ್ಮೆ ಹೊರಡುವುದೇ ಇಲ್ಲ.

ಜನರೇಟರನ್ನು ವಾರಕ್ಕೊಮ್ಮೆ ಹೊರೆಯಿಲ್ಲದೆ ಓಡಿಸಿ "ಸರಿಯಿದೆ" ಎಂದು ಬರೆಯುವ ರೂಢಿ ಎಲ್ಲೆಡೆ ಇದೆ. ಹಾಗೆ ಓಡಿಸಿದರೆ ಇಂಜಿನ್ ಹೊರಡುತ್ತದೆ ಎಂಬುದಷ್ಟೇ ತಿಳಿಯುತ್ತದೆ, ಆಸ್ಪತ್ರೆಯನ್ನು ಹೊರುತ್ತದೆ ಎಂಬುದು ತಿಳಿಯುವುದಿಲ್ಲ. ಸರಿಯಾದ ಪರೀಕ್ಷೆಯೆಂದರೆ, ಪ್ರತಿ ರೋಗಿಯ ಪಕ್ಕದಲ್ಲೂ ಸಿಲಿಂಡರ್ ಸಿದ್ಧವಾಗಿಟ್ಟು, ಹಗಲು ಹೊತ್ತಿನಲ್ಲಿ, ವೈದ್ಯರ ಸಮ್ಮತಿಯಿಂದ ಮುಖ್ಯ ವಿದ್ಯುತ್ತನ್ನು ಕಡಿದು, ಹೊರೆಯೆಲ್ಲ ಜನರೇಟರಿನ ಮೇಲೆ ಬಿದ್ದಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ, ಬದಲಾವಣೆಗೆ ಎಷ್ಟು ಸೆಕೆಂಡು ಹಿಡಿಯುತ್ತದೆ, ಯಾವ ಸಾಕೆಟ್ಟುಗಳು ಸತ್ತೇ ಉಳಿಯುತ್ತವೆ ಎಂಬುದನ್ನು ನಡೆದು ನೋಡುವುದು. ಜನರೇಟರಿನ ಸಾಲಿಗೆ ಸೇರದ ಸಾಕೆಟ್ಟಿಗೆ ಕಾನ್ಸಂಟ್ರೇಟರ್ ಸಿಕ್ಕಿಸಿರುವುದು ಹೊರಬರುವುದು ಇಂಥ ಪರೀಕ್ಷೆಯಲ್ಲೇ. ಸೇರಿದ ಸಾಕೆಟ್ಟುಗಳಿಗೆ ಕೆಂಪು ಗುರುತು ಹಾಕಿದರೆ ರಾತ್ರಿ ಪಾಳಿಗೆ ಹೊಸದಾಗಿ ಬಂದವರಿಗೂ ಅರ್ಥವಾಗುತ್ತದೆ. ಜನರೇಟರಿನ ಹೊಗೆ ಕೊಳವೆ ಆಮ್ಲಜನಕ ಘಟಕದ ಗಾಳಿ ಒಳಹೋಗುವ ಬಾಯಿಯ ಕಡೆ ಇದೆಯೇ ಎಂಬುದನ್ನೂ ನೋಡಬೇಕು. ಇದ್ದರೆ ಆ ಹೊಗೆಯನ್ನೇ ಕಂಪ್ರೆಸರ್ ಎಳೆದುಕೊಳ್ಳುತ್ತದೆ.

ಸಿಲಿಂಡರ್

ವಿದ್ಯುತ್ತನ್ನು ಕೇಳದ ಆಸರೆ ಸಿಲಿಂಡರ್, ಅದಕ್ಕಾಗಿಯೇ ಅದರ ದೋಷಗಳು ಕೊನೆಯ ಗಳಿಗೆಯಲ್ಲಿ ಬಯಲಾಗುತ್ತವೆ. ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಸುಲಭ: ನೀರಿನ ಅಳತೆಯಲ್ಲಿ ಸಿಲಿಂಡರಿನ ಗಾತ್ರವನ್ನು ಬಾರ್‌ಗಳಲ್ಲಿರುವ ಒತ್ತಡದಿಂದ ಗುಣಿಸಬೇಕು. 10 ಲೀಟರಿನ ಸಿಲಿಂಡರ್ 150 ಬಾರ್ ಇದ್ದಾಗ ಸುಮಾರು 1500 ಲೀಟರ್ ಆಮ್ಲಜನಕ ಕೊಡುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಐದು ಗಂಟೆ. ಅದೇ ಸಿಲಿಂಡರ್ 40 ಬಾರಿಗೆ ಇಳಿದಾಗ ಕೊನೆಯ 10 ಬಾರನ್ನು ಮೀಸಲೆಂದು ಬಿಟ್ಟರೆ ಉಳಿಯುವುದು 300 ಲೀಟರ್, ಎಂದರೆ ಒಂದೇ ಗಂಟೆ. ಈ ಲೆಕ್ಕವನ್ನು ಪಾಳಿ ಬದಲಾಗುವಾಗ ಮಾಡಬೇಕು, ಕತ್ತಲಾದ ಮೇಲಲ್ಲ.

ಹರಿವು ತೆರೆದ ಕೂಡಲೇ ಗೇಜಿನ ಮುಳ್ಳು ಕೆಳಕ್ಕೆ ಬಿದ್ದು, ಮುಚ್ಚಿದಾಗ ಮತ್ತೆ ಏರಿದರೆ ಸಿಲಿಂಡರ್ ಖಾಲಿಯಾಗಿಲ್ಲ. ವಾಲ್ವ್ ಪೂರ್ತಿ ತೆರೆದಿಲ್ಲ ಅಥವಾ ಒತ್ತಡ ತಗ್ಗಿಸುವ ರೆಗ್ಯುಲೇಟರಿನ ಬಾಯಿ ಕಟ್ಟಿದೆ. ಬಳಸದೆಯೇ ಒತ್ತಡ ಇಳಿಯುತ್ತಿದ್ದರೆ ಜೋಡಣೆಗೆ ಸಾಬೂನು ನೀರು ಸವರಿ ನೊರೆ ಏಳುವ ಜಾಗ ಹುಡುಕಬೇಕು. ಹೆಚ್ಚಾಗಿ ವಾಷರ್ ಸವೆದಿರುತ್ತದೆ ಅಥವಾ ಬಿದ್ದೇ ಹೋಗಿರುತ್ತದೆ, ಆದ್ದರಿಂದ ರೆಗ್ಯುಲೇಟರಿನ ಜೊತೆಗೆ ಆಮ್ಲಜನಕಕ್ಕೆ ಯೋಗ್ಯವಾದ ಎರಡು ವಾಷರುಗಳನ್ನು ಕಟ್ಟಿಡುವುದು ಒಳ್ಳೆಯದು. ಬಿಗಿಯಾದ ನಾಬಿಗೆ ಎಣ್ಣೆ ಬಿಡುವುದು, ಗ್ರೀಸ್ ಸವರಿದ ಕೈಯಿಂದ ಮುಟ್ಟುವುದು ಎಂದಿಗೂ ಕೂಡದು. ಒತ್ತಡದ ಆಮ್ಲಜನಕದಲ್ಲಿ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ವಾಲ್ವನ್ನು ನಿಧಾನವಾಗಿ ತೆರೆಯಬೇಕೆಂಬುದಕ್ಕೂ ಇದೇ ಕಾರಣ: ಒಮ್ಮೆಗೇ ನುಗ್ಗಿದ ಅನಿಲ ಒತ್ತಿಕೊಂಡು ಬಿಸಿಯಾಗುತ್ತದೆ. ಸ್ಪ್ಯಾನರ್ ಅಥವಾ ಕೀಲಿ ಸಿಲಿಂಡರಿಗೇ ಸರಪಳಿಯಿಂದ ಕಟ್ಟಿರಲಿ.

ಪೈಪ್‌ಲೈನ್ ಮತ್ತು ಆಮ್ಲಜನಕ ಘಟಕ

ಪೈಪ್‌ಲೈನಿನ ಒತ್ತಡ ಸಾಮಾನ್ಯವಾಗಿ 4 ಬಾರಿನ ಆಸುಪಾಸಿನಲ್ಲಿರಬೇಕು. ಎಲ್ಲ ವಾರ್ಡುಗಳಲ್ಲೂ ಇಳಿದಿದ್ದರೆ ದೋಷ ಮೂಲದಲ್ಲಿದೆ, ಒಂದೇ ವಾರ್ಡಿನಲ್ಲಿ ಇಳಿದಿದ್ದರೆ ಆ ಭಾಗದ ವಾಲ್ವಿನ ಆಚೆ ಇದೆ. ಪೈಪ್‌ಲೈನಿಗೆ ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದ ಮ್ಯಾನಿಫೋಲ್ಡಿನ ಒಂದು ಸಾಲು ಖಾಲಿಯಾದಾಗ ತಾನಾಗಿಯೇ ಇನ್ನೊಂದಕ್ಕೆ ಹೊರಳುವ ವ್ಯವಸ್ಥೆ ಅನಿಲದ ಒತ್ತಡದಿಂದಲೇ ನಡೆಯುವಂಥದ್ದೋ, ವಿದ್ಯುತ್ ವಾಲ್ವಿನಿಂದ ನಡೆಯುವಂಥದ್ದೋ ಎಂಬುದು ಮೊದಲೇ ತಿಳಿದಿರಬೇಕು. ವಿದ್ಯುತ್ತಿನದಾದರೆ ಕಡಿತದ ಹೊತ್ತಿನಲ್ಲಿ ಅದು ಹೊರಳದೆ ಉಳಿಯಬಹುದು; ಕೈಯಿಂದ ಹೊರಳಿಸುವ ಕ್ರಮವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಒತ್ತಡದ ಅಲಾರಂ ಫಲಕಕ್ಕೂ ಬ್ಯಾಟರಿ ಆಸರೆ ಇರಬೇಕು. ಸಾಮಾನ್ಯ ವಿದ್ಯುತ್ತಿಗಷ್ಟೇ ಜೋಡಿಸಿದ ಅಲಾರಂ ಬೇಕಾದಾಗಲೇ ಮೂಕವಾಗುತ್ತದೆ.

ಆಸ್ಪತ್ರೆಯಲ್ಲೇ ಆಮ್ಲಜನಕ ತಯಾರಿಸುವ ಪಿಎಸ್‌ಎ (ಪ್ರೆಷರ್ ಸ್ವಿಂಗ್ ಅಡ್ಸಾರ್ಪ್ಷನ್) ಘಟಕ ಕಾನ್ಸಂಟ್ರೇಟರಿನ ತತ್ವದ ಮೇಲೆಯೇ ನಡೆಯುತ್ತದೆ, ಹಾನಿ ಮಾತ್ರ ಅಷ್ಟೇ ದೊಡ್ಡ ಗಾತ್ರದಲ್ಲಿ ಆಗುತ್ತದೆ. ವಿದ್ಯುತ್ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದರೆ, ತಣಿಸಿ ತೇವ ತೆಗೆಯುವ ಡ್ರೈಯರ್ ಇನ್ನೂ ತಣ್ಣಗಾಗುವ ಮೊದಲೇ ಕಂಪ್ರೆಸರಿನ ಒದ್ದೆ ಗಾಳಿ ಜಿಯೊಲೈಟಿನ ಮೇಲೆ ಹರಿಯುತ್ತದೆ. ಒಂದು ಸಲಕ್ಕೆ ಏನೂ ಕಾಣದು. ದಿನಕ್ಕೆ ನಾಲ್ಕೈದು ಕಡಿತಗಳಿರುವ ಕಡೆ ತಿಂಗಳುಗಳು ಕಳೆದಂತೆ ಸಾಂದ್ರತೆ ನಿಧಾನವಾಗಿ ಇಳಿಯತೊಡಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಮೊದಲು ಡ್ರೈಯರ್, ಅದರ ತಾಪ ನಿಗದಿತ ಮಟ್ಟಕ್ಕೆ ಬಂದ ಮೇಲೆ ಕಂಪ್ರೆಸರ್, ಕೊನೆಯಲ್ಲಿ ಆಮ್ಲಜನಕದ ಭಾಗ ಎಂಬ ಕ್ರಮ ತಪ್ಪಬಾರದು. ಶೋಧಕಗಳ ಕೆಳಗಿನ ನೀರು ಬಸಿಯುವ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ಕೈಯಿಂದ ಒತ್ತಿ ನೋಡಬೇಕು. ಅಲ್ಲಿ ಎಣ್ಣೆ ಬೆರೆತ ನೀರು ಕಂಡರೆ ಮುಂದಿನ ಫಿಲ್ಟರುಗಳ ಸ್ಥಿತಿಯನ್ನು ಅಂದೇ ಪರೀಕ್ಷಿಸಬೇಕು.

ಮರು ಚಾಲನೆಯ ನಂತರ ಮೊದಲು ಬರುವ ಅನಿಲ ಸಾಂದ್ರತೆ ಕಡಿಮೆಯಿರುವ ಅನಿಲ. ಅದನ್ನು ಹೊರಗಿನ ಬಯಲಿಗೆ ಬಿಡಬೇಕು, ಮಾಪಕ ಶೇ. 90 ದಾಟಿ ನಿಂತ ಮೇಲಷ್ಟೇ ಪೈಪ್‌ಲೈನಿಗೆ ಸೇರಿಸಬೇಕು. ಅಲ್ಲಿಯವರೆಗೆ ಮ್ಯಾನಿಫೋಲ್ಡಿನ ಸಿಲಿಂಡರುಗಳು ಹೊರೆ ಹೊರುತ್ತವೆ. ಘಟಕ ನಿಂತಾಗ ಸಿಲಿಂಡರುಗಳು ಲೆಕ್ಕಕ್ಕಿಂತ ಬೇಗ ಬರಿದಾಗುತ್ತಿದ್ದರೆ ಘಟಕ ಮತ್ತು ಪೈಪ್‌ಲೈನಿನ ನಡುವಿನ ಹಿಂಚಲನೆ ತಡೆಯುವ ವಾಲ್ವ್ ಸೋರುತ್ತಿರಬಹುದು: ಅನಿಲ ರೋಗಿಯ ಕಡೆಗೆ ಹೋಗುವ ಬದಲು ನಿಂತ ಘಟಕದೊಳಕ್ಕೆ ಹಿಂದಿರುಗುತ್ತಿರುತ್ತದೆ. ಘಟಕದ ಕಡೆಯ ವಾಲ್ವನ್ನು ಕೈಯಿಂದ ಮುಚ್ಚಿ ಹತ್ತು ನಿಮಿಷ ಒತ್ತಡ ಗಮನಿಸಿದರೆ ಸಂಶಯ ಬಗೆಹರಿಯುತ್ತದೆ.

ದ್ರವ ಆಮ್ಲಜನಕದ ಟ್ಯಾಂಕಿಗೆ ಈ ತೊಡಕುಗಳಿಲ್ಲ. ಮೈನಸ್ 183 ಡಿಗ್ರಿಯಲ್ಲಿ ಕುದಿಯುವ ದ್ರವ ಸುತ್ತಲಿನ ಗಾಳಿಯ ಕಾವಿನಿಂದಲೇ ಅನಿಲವಾಗುತ್ತದೆ, ವಿದ್ಯುತ್ ಬೇಕಾಗುವುದು ಮಟ್ಟ ತೋರಿಸುವ ಉಪಕರಣಗಳಿಗೆ ಮಾತ್ರ. ಅಲ್ಲಿ ನೋಡಬೇಕಾದದ್ದು ದ್ರವವನ್ನು ಅನಿಲವಾಗಿಸುವ ಆವಿಕಾರಕದ ಮೇಲೆ ಮಂಜುಗಡ್ಡೆ ದಪ್ಪವಾಗಿ ಕಟ್ಟಿ ಒತ್ತಡ ಇಳಿಯುತ್ತಿದೆಯೇ ಎಂಬುದು. ಎರಡು ಆವಿಕಾರಕಗಳಿದ್ದರೆ ಸರದಿ ಬದಲಾಯಿಸಬೇಕು.

ರೋಗಿಯನ್ನು ಮರಳಿ ಜೋಡಿಸುವುದು

ದುರಸ್ತಿಯಾದ ಯಂತ್ರವನ್ನು ನೇರವಾಗಿ ರೋಗಿಗೆ ಕೊಡಬಾರದು. ಅದು ಬಳಸಬೇಕಾದ ಹರಿವಿನಲ್ಲೇ ಕನಿಷ್ಠ ಕಾಲು ಗಂಟೆ ನಡೆಯಲಿ, ಕ್ಯಾನುಲಾ ಸೇರುವ ತುದಿಯಲ್ಲಿ ಸಾಂದ್ರತೆಯನ್ನು ಎರಡು ಬಾರಿ ಅಳೆದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ವಿದ್ಯುತ್ ಹೋದ ಹೊತ್ತು, ಬಂದ ಹೊತ್ತು, ಹೊರೆಯಿದ್ದಾಗಿನ ವೋಲ್ಟೇಜ್, ಬದಲಾಯಿಸಿದ ಬಿಡಿಭಾಗ ಇವೂ ಅದೇ ಸಾಲಿನಲ್ಲಿರಲಿ. ರೋಗಿಯನ್ನು ಯಂತ್ರಕ್ಕೆ ಜೋಡಿಸಿದ ನಂತರ ಪಲ್ಸ್ ಆಕ್ಸಿಮೀಟರಿನ ಅಂಕಿ ಹತ್ತು ನಿಮಿಷ ಇಳಿಯದೆ ನಿಂತರೆ ಸಿಲಿಂಡರಿನ ವಾಲ್ವ್ ಮುಚ್ಚಬಹುದು. ಮುಚ್ಚಿದ ಸಿಲಿಂಡರಿನ ಗೇಜ್ ನೋಡಿ, ಉಳಿದಿರುವ ಬಾರ್‌ಗಳನ್ನು ಬರೆದು, ಮುಂದಿನ ಕಡಿತಕ್ಕೆ ಅದು ಸಾಲದಿದ್ದರೆ ತುಂಬಿದ ಇನ್ನೊಂದನ್ನು ಅದೇ ಮಂಚದ ಪಕ್ಕಕ್ಕೆ ತಂದಿಟ್ಟ ಮೇಲೆಯೇ ಆ ವಾರ್ಡಿನಿಂದ ಹೊರಡಬೇಕು.